ಬೇವಿನ ಬೀಜದ ಕಷಾಯವೋ, ಬೇವಿನ ಎಣ್ಣೆಯೋ, ಪೈರೆಥ್ರಮ್ಮೋ?

ಎಲೆ ತಿನ್ನುವ ಮರಿಹುಳುಗಳಿಗೆ ಬೀಜದ ಕಷಾಯವೇ ಮೊದಲ ಆಯ್ಕೆ. 5 ಕೆ.ಜಿ. ಬೀಜದ ತಿರುಳನ್ನು ಪುಡಿಮಾಡಿ, 10 ಲೀಟರ್ ನೀರಿನಲ್ಲಿ ರಾತ್ರಿಯಿಡೀ ನೆನೆಸಿ. ಬೆಳಿಗ್ಗೆ ಹಾಲಿನ ಬಣ್ಣ ಬರುವವರೆಗೆ ಕಲಕಿ, ಎರಡು ಪದರದ ಬಟ್ಟೆಯಲ್ಲಿ ಸೋಸಿ, 100 ಲೀಟರ್‌ಗೆ ಏರಿಸಿ. ಸೋಸುವಲ್ಲಿ ಅವಸರ ಮಾಡಿದರೆ ಸಿಂಪರಣೆ ಪಂಪಿನ ನಾಜಲ್ ಕಟ್ಟಿಕೊಳ್ಳುತ್ತದೆ. ಎಲೆಗೆ ಅಂಟಲು ಸ್ವಲ್ಪ ಸೋಪಿನ ನೀರು ಬೇಕು. ಅಂದೇ ಸಿಂಪಡಿಸಿ, ಇಟ್ಟರೆ ಸತ್ವ ಇಳಿಯುತ್ತದೆ. ಬೂಷ್ಟು ಹಿಡಿದ ಅಥವಾ ವರ್ಷ ಕಳೆದ ಬೀಜ ಬೇಡ.

ಹುಳು ತಕ್ಷಣ ಸಾಯಲಿಲ್ಲವೆಂದು ಮರುದಿನವೇ ಇನ್ನೊಮ್ಮೆ ಹೊಡೆಯುವುದು ಸಾಮಾನ್ಯ ತಪ್ಪು. ಬೇವಿನ ಬೀಜದ ಮುಖ್ಯ ಸತ್ವವಾದ ಅಜಾಡಿರಾಕ್ಟಿನ್ ಹುಳುವಿನ ಹಸಿವು ಕೆಡಿಸಿ, ಪೊರೆ ಕಳಚದಂತೆ ತಡೆಯುತ್ತದೆ. ಪರಿಣಾಮ ಕಾಣಲು ಕೆಲವು ದಿನ ಬೇಕು. ಬಲಿತ ಹುಳುವಿನ ಮೇಲೆ ಇದರ ಆಟ ಅಷ್ಟಾಗಿ ನಡೆಯದು.

ಸಸ್ಯಹೇನು, ಬಿಳಿನೊಣ, ಗಿಡಕ್ಕೆ ಹುರುಪೆಯಂತೆ ಅಂಟಿಕೊಳ್ಳುವ ಶಲ್ಕ ಕೀಟಗಳಿಗೆ ಬೇವಿನ ಎಣ್ಣೆ ಮೇಲು, ಏಕೆಂದರೆ ಅದು ಮೈಮೇಲೆ ಪದರವಾಗಿ ಉಸಿರು ಕಟ್ಟಿಸುತ್ತದೆ. ಲೀಟರಿಗೆ 5 ಮಿ.ಲೀ. ಎಣ್ಣೆಯನ್ನು ಮೊದಲು ಸೋಪಿನ ನೀರಿನಲ್ಲಿ ಕದಡಿ, ಆಮೇಲೆ ಉಳಿದ ನೀರು ಸೇರಿಸಿ. ಎಣ್ಣೆ ಮೇಲೆ ತೇಲಿದರೆ ಅದು ಪಂಪಿನಲ್ಲಿ ಉಳಿದು ಕೊನೆಗೆ ಗಟ್ಟಿಯಾಗಿ ಬರುವುದರಿಂದ ಕೊನೆಯ ಸಾಲಿನ ಗಿಡಗಳು ಸುಡುತ್ತವೆ. ಬಿಸಿಲಲ್ಲಿ ಸಿಂಪಡಿಸಿದರೂ ಎಳೆ ಎಲೆಗೆ ಅದೇ ಗತಿ.

ಸೇವಂತಿಗೆ ಜಾತಿಯ ಹೂವಿನಿಂದ ಬರುವ ಪೈರೆಥ್ರಮ್ ನರಗಳಿಗೇ ತಗುಲಿ, ಕೀಟವನ್ನು ನಿಮಿಷಗಳಲ್ಲಿ ಕೆಡವುತ್ತದೆ. ಆದರೆ ಬಿಸಿಲಿಗೆ ಬೇಗ ಕರಗಿಹೋಗುತ್ತದೆ, ಹಾಗಾಗಿ ಸಂಜೆಯೇ ಸರಿ. ಸಸ್ಯಮೂಲ ಎಂದರೆ ನಿರಪಾಯ ಎಂದಲ್ಲ: ಇದು ಜೇನ್ನೊಣಕ್ಕೂ ಮೀನಿಗೂ ವಿಷ. ಹೂ ಬಿಟ್ಟ ಬೆಳೆಗೆ, ಕೆರೆಯಂಚಿನ ಹೊಲಕ್ಕೆ ಇದನ್ನು ಆರಿಸಬೇಡಿ.