ಆರ್ ಯು ಬೀಯಿಂಗ್ ಸರ್ವ್ಡ್? ಪೂರ್ತಿ ಡಿವಿಡಿ ಸೆಟ್ಟು, ವರ್ಷಗಟ್ಲೆ ನೋಡಿದ್ಮೇಲೆ

ಮೊದಲೇ ಹೇಳ್ಬಿಡ್ತೀನಿ, ಬ್ರಿಟನ್ನಿನ ಈ ಹಳೇ ಟಿವಿ ಕಾಮಿಡಿಯ ಹತ್ತೂ ಸೀರೀಸ್ (ನಾವು ಸೀಸನ್ ಅನ್ನೋದು) ತಗೋಬೇಕು ಅಂತೇನಿಲ್ಲ, ಮೊದಲ ಐದು ಸಾಕು. ನನ್ನ ಹತ್ರ 1972ರ ಪೈಲಟ್‌ನಿಂದ (ಪ್ರಯೋಗಕ್ಕೆ ಅಂತ ಮಾಡಿದ ಮೊದಲ ಎಪಿಸೋಡು) 1985ರ ತನಕ ಅಷ್ಟೂ ಇದೆ, ಒಟ್ಟು 69 ಎಪಿಸೋಡು, ಆದ್ರೆ ಮತ್ತೆ ಮತ್ತೆ ಹಾಕೋದು ಶುರುವಿನವನ್ನೇ.

ಲಂಡನ್ನಿನಲ್ಲಿ ಗ್ರೇಸ್ ಬ್ರದರ್ಸ್ ಅಂತ ಹಳೇ ಡಿಪಾರ್ಟ್‌ಮೆಂಟ್ ಸ್ಟೋರು, ಗಂಡಸರ ಬಟ್ಟೆ ಹೆಂಗಸರ ಬಟ್ಟೆ ಎರಡೂ ಒಂದೇ ಫ್ಲೋರಲ್ಲಿ, ಗಿರಾಕಿ ಅಪರೂಪ, ಕಿತ್ತಾಟ ದಿನಾ. ಬರೆದೋರು ಜೆರೆಮಿ ಲಾಯ್ಡ್, ಡೇವಿಡ್ ಕ್ರಾಫ್ಟ್. ಲಾಯ್ಡ್ ಸಣ್ಣ ವಯಸ್ಸಲ್ಲಿ ಪಿಕಡಿಲಿಯ ಸಿಂಪ್ಸನ್ಸ್ ಅಂಗಡಿಯಲ್ಲಿ ನಿಜವಾಗ್ಲೂ ಕೆಲಸ ಮಾಡಿದ್ದೋರು (ಆ ಬಿಲ್ಡಿಂಗಲ್ಲಿ ಈಗ ವಾಟರ್‌ಸ್ಟೋನ್ಸ್ ಪುಸ್ತಕದಂಗಡಿ ಇದೆ), ಅದಕ್ಕೇ ಅಂಗಡಿಯ ಒಳಗಿನ ವಿಷಯ ಅಷ್ಟು ಕರೆಕ್ಟಾಗಿ ಬಂದಿರೋದು.

ಎಲ್ರೂ ಇದನ್ನ ಡಬಲ್ ಮೀನಿಂಗ್ ಕಾಮಿಡಿ ಅಂತಾರೆ, ಸುಳ್ಳಲ್ಲ. ಹೆಂಗಸರ ಬಟ್ಟೆ ಕಡೆಯ ಸೀನಿಯರ್ ಮಿಸೆಸ್ ಸ್ಲೋಕಂಬ್ ತಲೆಗೂದಲು ಒಂದ್ಸಲ ನೇರಳೆ ಒಂದ್ಸಲ ಹಸಿರು, ಜೊತೆಗೆ ಆಕೆಯ ಬೆಕ್ಕಿನ ಜೋಕು (ಬೆಕ್ಕಿಗೆ ಆಕೆ ಅನ್ನೋ ‘ಪುಸ್ಸಿ’ಗೆ ಇಂಗ್ಲಿಷಲ್ಲಿ ಪೋಲಿ ಅರ್ಥಾನೂ ಇದೆ). ಆ ಜೋಕು ಬೇಗ ಹಳಸುತ್ತೆ, ನನ್ನ ಮಗಳಂತೂ ಬೆಕ್ಕು ಅಂದ ತಕ್ಷಣ ಎದ್ದು ಹೋಗ್ತಾಳೆ. ಎಷ್ಟು ಸಲ ನೋಡಿದ್ರೂ ಹಳಸದೇ ಇರೋದು ಅಂದ್ರೆ ಅಲ್ಲಿನ ಮೇಲು ಕೀಳಿನ ಲೆಕ್ಕಾಚಾರ. ಗಿರಾಕಿ ಬಂದ್ರೆ ಎದುರಿಗಿರೋ ಜೂನಿಯರ್ ಲ್ಯೂಕಸ್ ಹಂಗೆ ಸುಮ್ನೆ ಮಾತಾಡ್ಸೋ ಹಾಗಿಲ್ಲ, ಫ್ಲೋರಿನ ಮೇಲ್ವಿಚಾರಕ, ಕೋಟಿಗೆ ಹೂವು ಸಿಗಿಸ್ಕೊಂಡ ಕ್ಯಾಪ್ಟನ್ ಪೀಕಾಕ್ ಮೊದಲು ಬರ್ಬೇಕು, ಆಮೇಲೆ ಸೀನಿಯರ್ ಗ್ರೇಂಜರ್‌ನ ಫ್ರೀ ಇದ್ದೀರಾ ಅಂತ ಕೇಳ್ಬೇಕು, ಆ ಮನುಷ್ಯ ಬೆಳಗ್ಗೆಯಿಂದ ತೂಕಡಿಸ್ತಾ ಕೂತಿದ್ರೂ ಒಂದು ಕ್ಷಣ ಯೋಚಿಸಿದ ಹಾಗೆ ಮಾಡಿ ಆಮೇಲೆ ಹೂಂ ಅಂತಾನೆ. ಪೀಕಾಕ್‌ಗೆ ಆಫೀಸರ್‌ಗಳ ವಾಶ್‌ರೂಮ್ ಕೀ ಸಿಗೋ ಎಪಿಸೋಡ್ (1975) ಒಂದನ್ನ ನೋಡಿ ಸಾಕು, ಒಂದು ಟಾಯ್ಲೆಟ್ ಬೀಗದ ಕೈಗೆ ಫ್ಲೋರಿಗೆ ಫ್ಲೋರೇ ಹೊಟ್ಟೆ ಉರ್ಕೊಳ್ಳತ್ತೆ! ಕೊನೆಗೆ ನಡೆಯೋಕೂ ಆಗದ ಮುದುಕ ಓನರ್, ಅವನ ಹೆಸರು ಯಂಗ್ ಮಿಸ್ಟರ್ ಗ್ರೇಸ್, ನರ್ಸ್ ಕೈ ಹಿಡ್ಕೊಂಡು ಬಂದು ಎಲ್ರೂ ತುಂಬಾ ಚೆನ್ನಾಗಿ ಕೆಲಸ ಮಾಡಿದ್ರಿ ಅಂತ ಹೇಳಿ ಹೋಗ್ತಾನೆ, ಅಲ್ಲಿ ಯಾರೂ ಏನೂ ಮಾಡಿರಲ್ಲ.

ಆವಾಗಿನ ಬ್ರಿಟನ್ನೂ ನಡುವೆ ಇಣುಕತ್ತೆ, ಬಸ್ಸು ರೈಲು ಸ್ಟ್ರೈಕ್ ಆಗಿ ಸ್ಟಾಫೆಲ್ಲ ರಾತ್ರಿ ಅಂಗಡಿಯಲ್ಲೇ ಟೆಂಟ್ ಹಾಕಿ ಮಲಗೋದು, ಹೀಟಿಂಗ್ ಇಲ್ದೆ ನಡುಗ್ತಾ ಬಟ್ಟೆ ಮಾರೋದು.

ಗಂಡಸರ ಬಟ್ಟೆ ಮಾರೋ ಹಂಫ್ರೀಸ್ ಅನ್ನೋ ಪಾತ್ರ ಇದೆ, ಮಾಡಿದ್ದು ಜಾನ್ ಇನ್ಮನ್, ಅದರ ಬಗ್ಗೆ ಆಗಲೇ ಗಲಾಟೆ ಆಗಿತ್ತು, ಸಲಿಂಗಿಗಳನ್ನ ಗೇಲಿ ಮಾಡ್ತಾರೆ ಅಂತ ಅವರ ಹಕ್ಕಿನ ಸಂಘಟನೆಯವರೇ ವಿರೋಧಿಸಿದ್ರು. ಅವರ ಸಿಟ್ಟು ನಂಗೆ ಅರ್ಥ ಆಗತ್ತೆ, ಕೆಲವು ಕಡೆ ಇರುಸುಮುರುಸಾಗತ್ತೆ. ಆದ್ರೆ ಆ ಫ್ಲೋರಲ್ಲಿ ಕೆಲಸ ಚೆನ್ನಾಗಿ ಬರೋದೂ, ತನ್ನ ಬಗ್ಗೆ ತನಗೆ ನಾಚಿಕೆ ಇಲ್ದೆ ಇರೋದೂ ಅವನೊಬ್ಬನಿಗೇ, ‘ಐಯಾಮ್ ಫ್ರೀ’ ಅಂತ ಅವನು ಕೂಗಿದ್ರೆ ಈಗ್ಲೂ ನಗು ಬರತ್ತೆ.

1978ರಲ್ಲಿ ಗ್ರೇಂಜರ್ ಮಾಡ್ತಿದ್ದ ಆರ್ಥರ್ ಬ್ರೋ ತೀರ್ಕೊಂಡ್ರು, ಆ ಜಾಗಕ್ಕೆ ಒಬ್ಬರಾದ ಮೇಲೆ ಒಬ್ಬರು ಬಂದ್ರು ಯಾರೂ ಕೂರ್ಲಿಲ್ಲ, ಆಮೇಲೆ ಲ್ಯೂಕಸ್ ಮಾಡ್ತಿದ್ದ ಟ್ರೆವರ್ ಬ್ಯಾನಿಸ್ಟರ್ ಕೂಡ ಬಿಟ್ಟ. ಅಲ್ಲಿಂದ ಮುಂದೆ ವೇಷ ಹಾಕ್ಕೊಂಡು ಕುಣಿಯೋದೇ ಜಾಸ್ತಿ.

ತಗೊಳ್ಳೋರು ಒಂದು ಚೆಕ್ ಮಾಡಿ. ಪೈಲಟ್ ಬಹಳ ವರ್ಷ ಕಪ್ಪು ಬಿಳುಪಲ್ಲಿ ಮಾತ್ರ ಉಳಿದಿತ್ತು, ಬಣ್ಣ ವಾಪಸ್ ಬಂದಿದ್ದು 2009ರಲ್ಲಿ, ಹಾಗಾಗಿ ಹಳೇ ಸೆಟ್ಟಲ್ಲಿ ಬಣ್ಣದ್ದು ಇರಲ್ಲ. ನೋಡೋವಾಗ ದಿನಕ್ಕೊಂದೇ ನೋಡಿ, ಸಾಲಾಗಿ ಹಾಕಿದ್ರೆ ತಲೆ ಚಿಟ್ಟು ಹಿಡಿಯತ್ತೆ. 1977ರ ಸಿನಿಮಾಕ್ಕೆ ದುಡ್ಡು ಹಾಕ್ಬೇಡಿ, ಅದರಲ್ಲಿ ಇವರನ್ನೆಲ್ಲ ಸ್ಪೇನ್‌ಗೆ ರಜಕ್ಕೆ ಕಳಿಸಿದ್ದಾರೆ, ಕೌಂಟರೇ ಇಲ್ದಿರೋ ಜಾಗದಲ್ಲಿ ಪೀಕಾಕ್ ಯಾರ ಮೇಲೆ ಜೋರು ಮಾಡ್ಬೇಕು?