ಸ್ಟಾರ್, ಜಾಮೀನು, ಮುಚ್ಚಿದ ಚೀಟಿ: ಡೇರೆ ಗಡ್ಡೆ ಅದಲುಬದಲಿಗೆ ಯಾವುದು ಸರಿ?

ಡೇರೆ ಹೂವಿನ ಗಡ್ಡೆ ಅದಲುಬದಲು ಮಾಡಿಕೊಳ್ಳುವಾಗ ಯಾರನ್ನು ಎಷ್ಟು ನಂಬಬಹುದು ಎಂದು ತಿಳಿಯಲಿಕ್ಕೆ ನಾನು ಮೂರು ಬಗೆ ಮಾಡಿ ನೋಡಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನನಗೆ ಹಿಡಿಸಿದ್ದು ಮುಚ್ಚಿದ ಚೀಟಿ. ಸ್ಟಾರ್ ಕೊಡುವ ಪದ್ಧತಿ ನನಗೆ ಆಗಿಬರಲಿಲ್ಲ. ಅದರ ದೆಸೆಯಿಂದ ಸಾಗರದ ಕಡೆಯ ಒಬ್ಬ ಅಕ್ಕನ ಜೊತೆ ಒಂದು ವರ್ಷಕ್ಕೂ ಹೆಚ್ಚು ಕಾಲ ಮಾತೇ ಬಿಟ್ಟಿದ್ದೆ. ತಪ್ಪು ಅವರದಾ, ನನ್ನದಾ? ಆ ಕಥೆ ಮುಂದೆ ಬರುತ್ತದೆ.

ಶಿರಸಿ ಕಡೆ ಮಳೆಗಾಲ ಎಂದರೆ ಅಂಗಳದಲ್ಲಿ ಡೇರೆ ಹೂವು. ಪೇಟೆಯವರು ಡೇಲಿಯಾ ಅನ್ನುತ್ತಾರೆ. ಮೊದಲೆಲ್ಲ ನೆಂಟರ ಮನೆಗೆ ಹೋದಾಗ ಹೂವು ನೋಡಿ, ಕೋಲಿಗೆ ಒಂದು ದಾರ ಕಟ್ಟಿ ಗುರುತು ಮಾಡಿ, 'ಗಡ್ಡೆ ತೆಗೆಯುವಾಗ ನನಗೊಂದು ಇಡಿ' ಎಂದು ಹೇಳಿ ಬರುತ್ತಿದ್ದೆವು. ಮೋಸಕ್ಕೆ ಜಾಗವೇ ಇರಲಿಲ್ಲ. ಈಗ ಫೋನಿನಲ್ಲಿ ಬಳಗ ಕಟ್ಟಿಕೊಂಡಿದ್ದೇವೆ. ಯಲ್ಲಾಪುರ, ಸಿದ್ದಾಪುರ, ಸಾಗರ, ತೀರ್ಥಹಳ್ಳಿ, ಮಡಿಕೇರಿಯವರೆಗೂ ಜನ ಇದ್ದಾರೆ. ಗಡ್ಡೆಗೆ ಗಡ್ಡೆ, ದುಡ್ಡಿನ ಮಾತಿಲ್ಲ, ಪಾರ್ಸೆಲ್ ಖರ್ಚು ಅವರವರದು. ಮುಖ ನೋಡದವರಿಗೆ ಒಳ್ಳೆ ಗಡ್ಡೆ ಕಳಿಸಿ, ಅವರು ಏನು ಕಳಿಸುತ್ತಾರೋ ಎಂದು ಕಾಯುವುದು. ಹಾಗಾಗಿ ಯಾರನ್ನು ಎಷ್ಟು ನಂಬಬಹುದು ಎಂಬುದಕ್ಕೆ ಒಂದು ಲೆಕ್ಕ ಬೇಕಾಯಿತು. ಬಳಗದ ಅಡ್ಮಿನ್ ನಾನೇ ಆದ್ದರಿಂದ ಆ ಲೆಕ್ಕವೂ ನನ್ನ ತಲೆಗೇ ಬಂತು. ಮೂರು ಮಳೆಗಾಲದಲ್ಲಿ ಮೂರು ಬಗೆ ಮಾಡಿ ನೋಡಿದೆ.

ಮೊದಲ ವರ್ಷ ಜಾಮೀನು. ಹೊಸಬರು ಬಂದರೆ ಬಳಗದಲ್ಲಿರುವ ಇಬ್ಬರು 'ನಮಗೆ ಗೊತ್ತಿದ್ದವರು' ಎನ್ನಬೇಕು. ಅಷ್ಟೇ. ಹದಿನೈದು ಜನ ಇರುವಷ್ಟು ದಿನ ಇದಕ್ಕಿಂತ ಒಳ್ಳೆಯದಿಲ್ಲ. ಜನ ಜಾಸ್ತಿಯಾದ ಮೇಲೆ ಯಾರೂ ಗೊತ್ತಿಲ್ಲದ ಮಡಿಕೇರಿಯ ಹುಡುಗ ಹೊರಗೇ ಉಳಿದ. ಅವನ ಹತ್ತಿರ ನಾವು ಕಂಡೇ ಇರದ ಬಣ್ಣಗಳಿದ್ದವು. ಯಾರದೋ ಭಾವನ ತಮ್ಮ ಸಲೀಸಾಗಿ ಒಳಗೆ ಬಂದ. ಬಂದವನು ಕಳಿಸಿದ್ದು ಕೊಳೆತ ಗಡ್ಡೆ. ಜಾಮೀನು ನಿಂತವರನ್ನು ಕೇಳಿದರೆ, 'ನಂಗೆಂತ ಗೊತ್ತು ಮಾರಾಯ್ತಿ, ಮದುವೆ ಮನೆಯಲ್ಲಿ ಒಂದ್ಸಲ ನೋಡಿದ್ದೆ' ಅಂದರು.

ಎರಡನೇ ವರ್ಷ ಸ್ಟಾರ್. ಇದರ ಬಗ್ಗೆ ಜಾಸ್ತಿ ಬರೆಯಬೇಕು, ಯಾಕೆಂದರೆ ಎಲ್ಲರೂ ಮೊದಲು ಇದನ್ನೇ ಹಿಡಿಯುತ್ತಾರೆ. ಪಾರ್ಸೆಲ್ ಬಂದ ಮೇಲೆ ಒಬ್ಬರಿಗೊಬ್ಬರು ಐದಕ್ಕೆ ಇಷ್ಟು ಎಂದು ಬಳಗದಲ್ಲೇ ಹಾಕುವುದು. ನಾನು ಸರಾಸರಿ ತೆಗೆದು ಪಟ್ಟಿ ಮಾಡುವುದು. ನೋಡಲಿಕ್ಕೆ ಚಂದ.

ಮೊದಲ ತೊಡಕು ದಾಕ್ಷಿಣ್ಯ. ನಮ್ಮಲ್ಲಿ ಯಾರು ಯಾರಿಗೆ ಮೂರು ಸ್ಟಾರ್ ಕೊಡುತ್ತಾರೆ ಹೇಳಿ? ನಾಳೆ ಉಪನಯನದ ಊಟದ ಪಂಕ್ತಿಯಲ್ಲಿ ಎದುರು ಕೂರಬೇಕಲ್ಲ. ಎರಡು ತಿಂಗಳಲ್ಲಿ ಎಲ್ಲರೂ ಐದು. ಎಲ್ಲರೂ ಐದು ಎಂದರೆ ಪಟ್ಟಿಯೇ ಇಲ್ಲ ಎಂದ ಹಾಗೆ.

ಎರಡನೆಯದು ಸರಾಸರಿಯ ತಮಾಷೆ. ನಲವತ್ತು ಸಲ ಅದಲುಬದಲು ಮಾಡಿದ ಹಿರಿಯರೊಬ್ಬರ ಸರಾಸರಿ 4.8. ನಿನ್ನೆ ಬಂದು ಒಂದೇ ಒಂದು ಗಡ್ಡೆ ಕಳಿಸಿದವನದು 5. ಪಟ್ಟಿಯಲ್ಲಿ ಅವನೇ ಮೇಲೆ! ಇದಕ್ಕೆ ಔಷಧಿ ಹೇಳಿದ್ದು ಅಮೆರಿಕದಲ್ಲಿರುವ ನಮ್ಮ ಅಣ್ಣನ ಮಗ. ಎಲ್ಲರಿಗೂ ಮೊದಲೇ ಮೂರು ಸ್ಟಾರಿನ ಐದು ವಿನಿಮಯ ಆಗಿದೆ ಎಂದು ಸುಮ್ನೆ ಸೇರಿಸಿಕೊಂಡು ಭಾಗಿಸು ಅಂದ. ಹಾಗೆ ಮಾಡಿದರೆ ಹೊಸಬನದು 3.3ಕ್ಕೆ ಇಳಿಯುತ್ತದೆ, ಹಿರಿಯರದು 4.6ರಲ್ಲಿ ನಿಲ್ಲುತ್ತದೆ. ಇಪ್ಪತ್ತಕ್ಕಿಂತ ಜಾಸ್ತಿ ಸಲ ಸರಿಯಾಗಿ ಕಳಿಸಿದ ಮೇಲೆಯೇ ಹೊಸಬ ಅವರಿಗಿಂತ ಮೇಲೆ ಬರುವುದು. ಲೆಕ್ಕ ಸರಿಯಾಯಿತು. ದಾಕ್ಷಿಣ್ಯ ಹಾಗೇ ಉಳಿಯಿತು.

ಈ ಹುಡುಗನಿಗೆ ಇದೆಲ್ಲ ಗೊತ್ತಿರುವುದು ಬಿಯರ್‌ನಿಂದ. ಅತ್ತೆಯವರ ಎದುರು ಆ ಶಬ್ದ ಎತ್ತುವ ಹಾಗಿಲ್ಲ, ಅದಕ್ಕೆ ಹಿತ್ತಲಿಗೆ ಹೋಗಿ ಫೋನು ಮಾಡಿದೆ. ಅಲ್ಲಿ ಒಂದು ಊರಿನ ಸಣ್ಣ ಬ್ರೂವರಿಯ ಬಿಯರ್ ಇನ್ನೊಂದು ಊರಲ್ಲಿ ಸಿಗುವುದಿಲ್ಲವಂತೆ. ಹವ್ಯಾಸದವರು ಬಾಟಲಿಗೆ ಬಾಟಲಿ ಬದಲು ಮಾಡಿಕೊಳ್ಳುತ್ತಾರೆ. ಅಲ್ಲಿನ ಸರ್ಕಾರಿ ಅಂಚೆಯಲ್ಲಿ ಬಿಯರ್ ಕಳಿಸುವುದಕ್ಕೆ ನಿಷೇಧ ಇದೆ. ಅಂದಮೇಲೆ ಮೋಸ ಹೋದವರು ಯಾರ ಹತ್ತಿರ ದೂರು ಹೇಳುವುದು? ಇರುವ ಒಂದೇ ಆಸರೆ ಹೆಸರು. 'ಅತ್ತೆ, ಹೆಸರು ಕಡಿಮೆ ಇದ್ದವರೇ ಮೊದಲು ಪಾರ್ಸೆಲ್ ಕಳಿಸಬೇಕು, ಅದು ನಮ್ಮಲ್ಲಿ ರೂಢಿ' ಅಂದ. ನಮ್ಮ ಸ್ಥಿತಿಯೂ ಅದೇ ಅಲ್ವಾ? ಎರಡು ಡೇರೆ ಗಡ್ಡೆಗೆ ಯಾರು ಪೊಲೀಸ್ ಸ್ಟೇಷನ್ ಮೆಟ್ಟಿಲು ಹತ್ತುತ್ತಾರೆ!

ಈಗ ಆ ಸಾಗರದ ಅಕ್ಕನ ಕಥೆ. ನಾನು ನನ್ನ ಕಪ್ಪು ಮೆರೂನ್ ಬಣ್ಣದ ಗಡ್ಡೆ ಮೂರು ಕಳಿಸಿದೆ. ಅವರು ಬಿಳಿ ತುದಿಯ ಕೆಂಪು ಕಳಿಸಿದರು. ಪಾರ್ಸೆಲ್ ಬಿಚ್ಚಿದರೆ ಮನಸ್ಸು ತುಂಬಿ ಬಂತು. ಪ್ಲಾಸ್ಟಿಕ್ ಇಲ್ಲ, ಒಣ ಮರದ ಹೊಟ್ಟಿನಲ್ಲಿಟ್ಟು ಮೇಲೆ ಅಡಿಕೆ ಹಾಳೆ ಸುತ್ತಿದ್ದರು. ಕುತ್ತಿಗೆ ಮುರಿದಿರಲಿಲ್ಲ. ಡೇರೆ ಗಡ್ಡೆಗೆ ಆಲೂಗಡ್ಡೆಯ ಹಾಗೆ ಮೈತುಂಬ ಕಣ್ಣಿರುವುದಿಲ್ಲ. ಹಳೇ ದಂಟಿಗೆ ಅಂಟಿದ ಕುತ್ತಿಗೆಯ ಹತ್ತಿರ ಮಾತ್ರ. ಅದು ಮುರಿದರೆ ಗಡ್ಡೆ ಎಷ್ಟು ದಪ್ಪ ಇದ್ದರೂ ಮೊಳೆಯುವುದಿಲ್ಲ. ಇವರದರಲ್ಲಿ ಕಣ್ಣು ಎದ್ದು ಕಾಣುತ್ತಿತ್ತು. ಅಂದೇ ಐದು ಸ್ಟಾರ್ ಹಾಕಿದೆ.

ಅದು ಏಪ್ರಿಲ್. ಮೇ ಕೊನೆಗೆ ನೆಟ್ಟೆ. ಜೂನ್, ಜುಲೈ ಮಳೆ ಹೊಡೆತಕ್ಕೆ ಬೀಳದ ಹಾಗೆ ಕೋಲು ಕೊಟ್ಟು, ಜಗಲಿ ಅಂಚಿಗೆ ತಂದು, ಹುಳ ಹೆಕ್ಕಿ ಸಾಕಿದೆ. ಚೌತಿ ಹತ್ತಿರ ಹೂವು ಅರಳಿತು. ಪೂರ್ತಿ ಕೆಂಪು. ಬಿಳಿ ತುದಿ ಎಲ್ಲೂ ಇಲ್ಲ. ಆ ಕೆಂಪು ನಮ್ಮ ಮನೆಯಲ್ಲೇ ಎಂಟು ಚಟ್ಟಿ ಇದೆ.

ಕಿರಿಕಿರಿ ಇರುವುದೇ ಇಲ್ಲಿ. ಸ್ಟಾರ್ ಕೊಡುವುದು ಪೆಟ್ಟಿಗೆ ಬಿಚ್ಚಿದ ದಿನ. ನಿಜ ಗೊತ್ತಾಗುವುದು ನಾಲ್ಕು ತಿಂಗಳ ಮೇಲೆ. ನಡುವಿನ ಅಷ್ಟೂ ದಿನ ಆ ಐದು ಸ್ಟಾರ್ ನೋಡಿ ಇನ್ನೂ ನಾಲ್ಕು ಜನ ಅವರ ಹತ್ತಿರ ಅದಲುಬದಲು ಮಾಡಿಕೊಂಡಿರುತ್ತಾರೆ. ಹೂವು ಬಿಟ್ಟ ಮೇಲೆ ಯಾರೂ ಹಳೇ ಸ್ಟಾರ್ ತಿದ್ದುವುದಿಲ್ಲ. ತಿದ್ದಿದರೆ ಜಗಳಕ್ಕೆ ಬಂದ ಹಾಗೆ ಕಾಣುತ್ತದೆ. ತಪ್ಪು ಗಡ್ಡೆಗೆ ಹೋದದ್ದು ಪಾರ್ಸೆಲ್ ಖರ್ಚು ಮಾತ್ರ ಅಲ್ಲ, ಒಂದು ಇಡೀ ಮಳೆಗಾಲ. ಬಿಯರ್‌ನಲ್ಲೂ ಇದೇ ಗೋಳು ಇದೆಯಂತೆ. ಕೆಲವು ಗಾಢ ಬಿಯರ್‌ಗಳನ್ನು ವರ್ಷಗಟ್ಟಲೆ ಇಟ್ಟು ತೆಗೆಯುತ್ತಾರೆ. ಕೆಟ್ಟಿದೆ ಎಂದು ಗೊತ್ತಾಗುವುದು ಮುಚ್ಚಳ ತೆಗೆದಾಗ. ಅಷ್ಟರಲ್ಲಿ ಹೊಗಳಿ ಬರೆದು ವರ್ಷವಾಗಿರುತ್ತದೆ.

ನಾನು ತಿದ್ದಿದೆ. ಐದನ್ನು ಒಂದಕ್ಕೆ ಇಳಿಸಿದೆ. ಅರ್ಧ ಗಂಟೆಯೊಳಗೆ ಅವರೂ ನನ್ನ ಐದನ್ನು ಒಂದಕ್ಕೆ ಇಳಿಸಿದರು! ನನ್ನ ಮೆರೂನ್ ಅವರ ಅಂಗಳದಲ್ಲಿ ಚೆನ್ನಾಗಿಯೇ ಹೂವು ಬಿಟ್ಟಿತ್ತು, ಫೋಟೋ ಬೇರೆ ಹಾಕಿದ್ದರು. ಬಳಗದಲ್ಲಿ ಎರಡು ಪಂಗಡ ಆಯಿತು. ಒಬ್ಬರು ಕೊಟ್ಟದ್ದು ಇನ್ನೊಬ್ಬರಿಗೆ ಕಾಣುವಷ್ಟು ದಿನ ಸೇಡು ತಪ್ಪಿದ್ದಲ್ಲ. ದೊಡ್ಡವರಿಗೂ ಇದು ಬಿಟ್ಟಿಲ್ಲ. ಜನ ಒಬ್ಬರಿಗೊಬ್ಬರು ಸಾಮಾನು ಮಾರುವ ಇಬೇ ಎಂಬ ಆನ್‌ಲೈನ್ ಸಂತೆ 1996ರಲ್ಲಿ ಒಬ್ಬರಿಗೊಬ್ಬರು ಅಭಿಪ್ರಾಯ ಬರೆಯುವ ಪದ್ಧತಿ ತಂದಿತು. ಸೇಡಿನ ಕಾಟ ಹೆಚ್ಚಾಗಿ, 2008ರಲ್ಲಿ ಮಾರುವವರು ಕೊಳ್ಳುವವರ ಮೇಲೆ ಕೆಟ್ಟದ್ದು ಬರೆಯದ ಹಾಗೆ ಮಾಡಿತು. ನಮಗೆ ಆ ದಾರಿ ಹೊಂದುವುದಿಲ್ಲ. ಇಲ್ಲಿ ಮಾರುವವರು ಯಾರು, ಕೊಳ್ಳುವವರು ಯಾರು? ಇಬ್ಬರೂ ಎರಡೂ. ಪ್ರವಾಸಿಗರಿಗೆ ಮನೆ ಬಾಡಿಗೆಗೆ ಕೊಡಿಸುವ ಏರ್‌ಬಿಎನ್‌ಬಿ 2014ರಲ್ಲಿ ಮಾಡಿದ್ದು ನಮಗೆ ಹತ್ತಿರ. ಇಬ್ಬರೂ ಬರೆದ ಮೇಲೆ, ಇಲ್ಲವೇ 14 ದಿನ ಕಳೆದ ಮೇಲೆ ಮಾತ್ರ ಬರೆದದ್ದು ತೆರೆಯುತ್ತದೆ.

ಮೂರನೇ ವರ್ಷದ ಮುಚ್ಚಿದ ಚೀಟಿ ಬಂದದ್ದು ಹಾಗೆ. ಇಬ್ಬರೂ ನನಗೆ ಮಾತ್ರ ಕಳಿಸುತ್ತಾರೆ. ಹತ್ತನೇ ದಿನ ಎರಡನ್ನೂ ಒಟ್ಟಿಗೆ ಬಳಗಕ್ಕೆ ಹಾಕುತ್ತೇನೆ. ಒಬ್ಬರು ಕಳಿಸದಿದ್ದರೆ ಇನ್ನೊಬ್ಬರದು ಮಾತ್ರ. ಆಮೇಲೆ ತಿದ್ದಲಿಕ್ಕಿಲ್ಲ. ಸೇಡು ಅಲ್ಲಿಗೇ ನಿಂತಿತು, ನಿಜವಾಗಿ ನಿಂತಿತು.

ದಾಕ್ಷಿಣ್ಯಕ್ಕೆ ಏನು ಮಾಡಿದೆ? ಅಭಿಪ್ರಾಯ ಕೇಳುವುದನ್ನೇ ಬಿಟ್ಟೆ. 'ಹೇಗಿತ್ತು' ಎಂದರೆ ಎಲ್ಲರೂ 'ಚೊಲೋ ಇತ್ತು' ಎನ್ನುತ್ತಾರೆ. 'ಕುತ್ತಿಗೆ ಮುರಿದ ಗಡ್ಡೆ ಎಷ್ಟಿತ್ತು' ಎಂದರೆ 'ಎರಡು' ಎಂದು ಹೇಳಲಿಕ್ಕೆ ಯಾರಿಗೂ ಸಂಕೋಚ ಇಲ್ಲ. ಹೇಳಿದ ದಿನ ಕಳಿಸಿದರಾ, ಲೆಕ್ಕ ಸರಿ ಇತ್ತಾ, ಕಣ್ಣು ಇತ್ತಾ, ಕೊಳೆತಿತ್ತಾ. ಸ್ಪೀಡ್ ಪೋಸ್ಟ್ ರಸೀದಿಯ ಫೋಟೋ ಒಂದು. ಇದು ಮೊದಲ ಚೀಟಿ.

ಎರಡನೇ ಚೀಟಿ ನವರಾತ್ರಿಗೆ. ಹೇಳಿದ ಹೂವೇ ಬಂತಾ? ಬರದಿದ್ದರೆ, ನೀವು ಕೇಳಿದಾಗ ಅವರು ಏನು ಮಾಡಿದರು? ಈ ಕೊನೆಯ ಪ್ರಶ್ನೆ ಸೇರಿಸಲಿಕ್ಕೆ ಕಾರಣ ನನ್ನದೇ ದಡ್ಡತನ. ಎರಡು ಬಣ್ಣದ ಡೇರೆ ಕೆಲವು ಸಲ ತಾನಾಗಿ ಒಂದೇ ಬಣ್ಣಕ್ಕೆ ತಿರುಗುತ್ತದೆ. ಬಿಳಿ ತುದಿಯ ಕೆಂಪಿನಲ್ಲಂತೂ ಇದು ಇದ್ದದ್ದೇ. ಒಂದೇ ಗಿಡದಲ್ಲಿ ಒಂದು ಹೂವಿಗೆ ತುದಿ ಇರುತ್ತದೆ, ಇನ್ನೊಂದಕ್ಕೆ ಇರುವುದಿಲ್ಲ. ಮರುವರ್ಷ ನನ್ನ ಮನೆಯದೇ ಒಂದು ಗಿಡ ಹಾಗೆ ಮಾಡಿದಾಗ ನಾನು ಅಂಗಳದಲ್ಲೇ ನಿಂತುಬಿಟ್ಟೆ. ಆ ಅಕ್ಕ ಮೋಸ ಮಾಡಿರಲಿಲ್ಲ. ನಾನು ಒಂದು ಫೋನು ಮಾಡಿ ಕೇಳಬಹುದಿತ್ತು. ಕೇಳುವ ಮೊದಲೇ ಸ್ಟಾರ್ ಇಳಿಸಿದ್ದೆ. ಗಡ್ಡೆ ತಪ್ಪುವುದು ಯಾರಿಗೂ ಆಗುತ್ತದೆ. ಕೇಳಿದಾಗ 'ಅಯ್ಯೋ ಹೌದಾ, ಬರುವ ವರ್ಷ ಬೇರೆ ಕಳಿಸುತ್ತೇನೆ' ಎನ್ನುವವರು ಒಂದು ಬಗೆ, ಫೋನೇ ಎತ್ತದವರು ಇನ್ನೊಂದು ಬಗೆ. ಪಟ್ಟಿಯಲ್ಲಿ ಈ ಎರಡು ಬಗೆಯನ್ನು ಬೇರೆ ಮಾಡಿ ತೋರಿಸಲು ಸ್ಟಾರಿಗೆ ಆಗುವುದಿಲ್ಲ.

ಹೊಸಬರಿಗೆ ಅಣ್ಣನ ಮಗನ ಬಿಯರ್ ರೂಢಿಯನ್ನೇ ಸ್ವಲ್ಪ ಮೆತ್ತಗೆ ಮಾಡಿ ಇಟ್ಟಿದ್ದೇನೆ. ಅವರೇ ಮೊದಲು ಕಳಿಸಬೇಕು, ಆದರೆ ಎರಡು ಗಡ್ಡೆಗಿಂತ ಜಾಸ್ತಿ ಕೇಳುವ ಹಾಗಿಲ್ಲ. ಮೂರು ಸಲ ಸರಿಹೋದರೆ ಆಮೇಲೆ ಇಬ್ಬರೂ ಒಂದೇ ದಿನ. ಮಡಿಕೇರಿಯ ಹುಡುಗ ಹೀಗೇ ಒಳಗೆ ಬಂದ. ಚೆಂಡುಹೂವಿನ ಬೀಜ ಕಳಿಸಿ ಲೆಕ್ಕ ಏರಿಸುವವರೂ ಬಂದರು. ಬೀಜವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ ಅಂದೆ, ಮುಗಿಯಿತು. ಡೇರೆಯ ಬೀಜವೂ ಅಷ್ಟೇ, ಅದರಿಂದ ತಾಯಿಯ ಬಣ್ಣವೇ ಬರುತ್ತದೆ ಎಂದು ಯಾರೂ ಮಾತು ಕೊಡಲಿಕ್ಕಾಗುವುದಿಲ್ಲ. ಎರಡು ವರ್ಷಕ್ಕಿಂತ ಹಳೇ ತಪ್ಪು ಪಟ್ಟಿಯಲ್ಲಿ ಇರುವುದಿಲ್ಲ.

ಮುಚ್ಚಿದ ಚೀಟಿಯಲ್ಲಿ ಹುಳುಕಿಲ್ಲವಾ? ಇದೆ. ಎಲ್ಲ ಕೆಲಸ ನನಗೆ. ಅಡಿಕೆ ಕೊಯ್ಲಿನ ಹೊತ್ತಿಗೆ ಇದು ಬಂದಿದ್ದರೆ ಕೈ ಎತ್ತುತ್ತಿದ್ದೆ. ನವರಾತ್ರಿ ಚೀಟಿಯನ್ನು ಅರ್ಧ ಜನ ಮರೆಯುತ್ತಾರೆ. ಅವರಿಗೆ ಎರಡು ಸಲ ನೆನಪು ಮಾಡುತ್ತೇನೆ, ಮೂರನೇ ಸಲ 'ಉತ್ತರ ಇಲ್ಲ' ಎಂದೇ ಬರೆಯುತ್ತೇನೆ. ಇನ್ನೊಂದು, ಅಡ್ಮಿನ್ನೇ ಮೋಸ ಮಾಡಿದರೆ? ಇದನ್ನು ಒಬ್ಬರು ನೇರವಾಗಿ ಕೇಳಿದರು, ಸಿಟ್ಟು ಬಂತು, ಆಮೇಲೆ ಸರಿ ಅನಿಸಿತು. ಹಾಗಾಗಿ ನನ್ನ ವಿನಿಮಯದ ಚೀಟಿಗಳು ಕುಮಟಾದ ನಾದಿನಿಗೆ ಹೋಗುತ್ತವೆ. ದೇವಿಮನೆ ಘಟ್ಟ ಇಳಿದರೆ ಆ ಸೆಕೆಗೆ ಡೇರೆ ಅಷ್ಟಾಗಿ ಏಳುವುದಿಲ್ಲ. ಅವಳದು ದಾಸವಾಳದ ಹುಚ್ಚು. ನಮ್ಮ ಗಡ್ಡೆಯಲ್ಲಿ ಅವಳಿಗೆ ಏನೂ ಲಾಭ ಇಲ್ಲ, ನಾದಿನಿಯಾದ್ದರಿಂದ ನನ್ನ ಪರ ಎಳೆಯುವ ಭಯವೂ ಇಲ್ಲ.

ಆ್ಯಪ್ ಮಾಡಿಸೋಣ ಎಂದು ಬಳಗದ ಹುಡುಗರು ಹೇಳುತ್ತಲೇ ಇರುತ್ತಾರೆ. ತಿಂಗಳಿಗೆ ಇಷ್ಟು ಎಂದು ದುಡ್ಡು ಕಟ್ಟಬೇಕು. ಮಳೆಗಾಲದಲ್ಲಿ ಕರೆಂಟಿನ ಜೊತೆ ನೆಟ್‌ವರ್ಕೂ ಹೋಗುವ ಊರು ನಮ್ಮದು. ನನಗೆ ಒಂದು ಉದ್ದನೆಯ ನೋಟ್‌ಬುಕ್ ಸಾಕಾಗಿದೆ. ಸಂಜೆ ದೀಪ ಹಚ್ಚಿದ ಮೇಲೆ ಹತ್ತು ನಿಮಿಷ ಬರೆಯುತ್ತೇನೆ. ಬರೆಯುವ ಅಭ್ಯಾಸ ಇಲ್ಲದವರು ಇದಕ್ಕೆ ಕೈ ಹಾಕಬೇಡಿ. ಹದಿನೈದು ಜನರ ಒಳಗಿದ್ದರೆ ಜಾಮೀನೇ ಸಾಕು. ಸ್ಟಾರ್ ಬೇಕೇ ಬೇಕು ಎನ್ನುವವರು ಆ ಐದು ಸುಳ್ಳು ವಿನಿಮಯ ಸೇರಿಸುವುದನ್ನು ಮಾತ್ರ ಮರೆಯಬೇಡಿ.

ಸಾಗರದ ಅಕ್ಕನಿಗೆ ಈ ಏಪ್ರಿಲ್‌ನಲ್ಲಿ ನಾನೇ ಫೋನು ಮಾಡಿದೆ. ಎತ್ತಿದ ಕೂಡಲೇ, 'ಎಂತಾ, ಬಿಳಿ ತುದಿ ಬೇಕನಾ?' ಅಂದರು. ವಾರದಲ್ಲಿ ಪಾರ್ಸೆಲ್ ಬಂತು, ಅದೇ ಅಡಿಕೆ ಹಾಳೆ, ಅದೇ ಮರದ ಹೊಟ್ಟು. ಮೊದಲ ಚೀಟಿ ಅಂದೇ ಬರೆದು ನಾದಿನಿಗೆ ಕಳಿಸಿದೆ. ಗಿಡ ಈಗ ಮೊಳಕಾಲೆತ್ತರ ಬಂದಿದೆ, ಮೊಗ್ಗು ಇನ್ನೂ ಕಂಡಿಲ್ಲ. ಎರಡನೇ ಚೀಟಿ ಖಾಲಿ ಇದೆ.