ಪಟ್ಟಣತ್ತಿಲ್ ಭೂತಂ: ಇವತ್ತಿಗೂ ನಗಿಸುವ ಜೀಬೂಂಬಾ

ಹೊಸೂರು, ಕೆಲಮಂಗಲ, ತಾಳವಾಡಿಯ ಕನ್ನಡದ ಮನೆಗಳಲ್ಲಿ ಮಕ್ಕಳ ಜೊತೆ ಕೂತು ನೋಡಲು ಹಳೆಯ ತಮಿಳು ಚಿತ್ರ ಬೇಕೆಂದರೆ 1967ರ ಇದನ್ನೇ ಹಾಕಿ. ನಿರ್ದೇಶಕ ಎಂ. ವಿ. ರಾಮನ್. ಜಾಡಿಯೊಳಗೆ ಸೆರೆಯಾಗಿದ್ದ ಭೂತವೊಂದು ನಾಯಕ ಜೈಶಂಕರ್ ಮತ್ತು ಹಾಸ್ಯನಟ ನಾಗೇಶ್ ಕೈಗೆ ಸಿಕ್ಕ ಮೇಲೆ ಗದ್ದಲವೋ ಗದ್ದಲ.

ಜೀಬೂಂಬಾ ಎಂಬ ಈ ಭೂತವಾಗಿ ಜಾವರ್ ಸೀತಾರಾಮನ್ ಅದ್ಭುತ. ಹೆದರಿಸುವುದಿಲ್ಲ, ಉಪಕಾರ ಮಾಡಲು ಹೋಗಿ ಎಡವಟ್ಟು ಮಾಡುತ್ತದೆ, ನಗು ಹುಟ್ಟುವುದು ಅಲ್ಲೇ.

ಕಂಪ್ಯೂಟರ್ ಇಲ್ಲದ ಕಾಲದ ಮಾಯಾದೃಶ್ಯಗಳನ್ನು ಗಮನವಿಟ್ಟು ನೋಡಿ. ಆಗ ಮನುಷ್ಯನನ್ನು ಮಾಯ ಮಾಡಲು ಕ್ಯಾಮೆರಾ ನಿಲ್ಲಿಸಿ, ನಟನನ್ನು ಸರಿಸಿ, ಮತ್ತೆ ಓಡಿಸುತ್ತಿದ್ದರು. ಉಳಿದವರು ಕಲ್ಲಿನಂತೆ ನಿಂತಿರಬೇಕು. ಒಬ್ಬರ ಕೈ ಅಲುಗಿದರೂ, ದೀಪದ ನೆರಳು ಸರಿದರೂ ಚಿತ್ರ ಜಿಗಿದಂತೆ ಕಂಡು ಗುಟ್ಟು ರಟ್ಟು! ನಟರಿಗೆ ಎಷ್ಟು ತಾಳ್ಮೆ ಬೇಕಿತ್ತೆಂದು ಯೋಚಿಸಿ.

‘ಅಂದ ಶಿವಕಾಮಿ ಮಗನಿಡಂ’ (ಆ ಶಿವಕಾಮಿಯ ಮಗನಿಗೆ) ಹಾಡಿನಲ್ಲಿ ಶಿವಕಾಮಿಯ, ಅಂದರೆ ಪಾರ್ವತಿಯ, ಮಗ ಮುರುಗ. ತಮಿಳುನಾಡಿನ ಮುಖ್ಯಮಂತ್ರಿಯಾಗಿದ್ದ ಕಾಮರಾಜರ ತಾಯಿಯ ಹೆಸರೂ ಶಿವಕಾಮಿ. ಹಾಡು ಬರೆದ ಕವಿ ಕಣ್ಣದಾಸನ್ ಇದರ ಮೂಲಕ ಕಾಮರಾಜರಿಗೇ ಸಂದೇಶ ಕಳಿಸಿದರೆಂಬ ಮಾತು ತಮಿಳುನಾಡಿನಲ್ಲಿ ಪ್ರಸಿದ್ಧ.

ಉದ್ದ ಸ್ವಲ್ಪ ಜಾಸ್ತಿಯೇ. ಪುಟ್ಟ ಮಕ್ಕಳಿದ್ದರೆ ಎರಡು ಸಂಜೆಗೆ ಹಂಚಿಕೊಳ್ಳಿ. ನಾಗೇಶ್ ಮಾತು ಬಲು ವೇಗ, ತಮಿಳು ಅರೆಬರೆ ಬರುವವರು ಅಡಿಬರಹವಿರುವ ಪ್ರತಿಯನ್ನೇ ಹುಡುಕಿ.